ಶೋಕೇಸಿನಲ್ಲಿ ಹನ್ನೊಂದು ಬಾಟಲಿ

ಬಿರಡೆ ಅರ್ಧಕ್ಕೇ ಮುರಿದು ಬಂತು. ಕಾರ್ಕ್‌ಸ್ಕ್ರೂವಿನ ಸುರುಳಿಗೆ ಕಂದು ಪುಡಿ ಮೆತ್ತಿಕೊಂಡಿತ್ತು, ಉಳಿದರ್ಧ ಬಾಟಲಿಯ ಕೊರಳಲ್ಲೇ ಕೂತುಬಿಟ್ಟಿತ್ತು. ಸುತ್ತ ಆರು ಜನ ಗ್ಲಾಸು ಹಿಡಿದು ಕಾಯುತ್ತಿದ್ದರು. 2024ರ ಮೇ ತಿಂಗಳು, ನಮ್ಮ ಮದುವೆಯಾಗಿ ಏಳು ವರ್ಷ ತುಂಬಿದ ದಿನ. ಆ ಬಾಟಲಿಯನ್ನು 2017ರಲ್ಲಿ, ಮದುವೆಯಾದ ಮೂರನೇ ತಿಂಗಳಿಗೆ, ನಂದಿ ಬೆಟ್ಟದ ಬುಡದ ದ್ರಾಕ್ಷಿ ತೋಟವೊಂದನ್ನು ನೋಡಲು ಹೋದಾಗ ತಂದಿದ್ದೆವು. ಏಳು ವರ್ಷ ಆದಮೇಲೆ ತೆಗೆಯೋಣ ಎಂದು ಕಾರಿನಲ್ಲಿ ಬರುವಾಗಲೇ ಮಾತಾಗಿತ್ತು. ಏಳೇ ಯಾಕೆ ಎಂದು ಕೇಳಿದರೆ ಇಬ್ಬರ ಬಳಿಯೂ ಉತ್ತರ ಇರಲಿಲ್ಲ. ವೈನ್ ಹಳೆಯದಾದಷ್ಟೂ ಚೆಂದ ಎಂದು ಎಲ್ಲರ ಹಾಗೆ ನಾವೂ ಕೇಳಿದ್ದೆವು, ಸಪ್ತಪದಿಯ ಲೆಕ್ಕ ಇನ್ನೂ ತಲೆಯಲ್ಲಿ ಹಸಿಯಾಗಿತ್ತು, ಅಷ್ಟೇ.

ಉಳಿದ ಬಿರಡೆಯನ್ನು ಚಮಚದ ಹಿಡಿಯಿಂದ ಒಳಕ್ಕೆ ತಳ್ಳಿ, ಚಹಾ ಸೋಸುವ ಜಾಲರಿ ಹಿಡಿದು ಗ್ಲಾಸಿಗೆ ಬಗ್ಗಿಸಿದೆ. ಬಂದದ್ದು ನೇರಳೆಯಲ್ಲ, ಕೆಂಪೂ ಅಲ್ಲ. ಹಳೆ ಹೆಂಚಿನ ಮೇಲೆ ಮಳೆ ಬಿದ್ದಾಗ ಇಳಿಯುವ ನೀರಿನ ಬಣ್ಣ. ಮೂಗಿನ ಹತ್ತಿರ ತಂದರೆ ಬೇಯಿಸಿದ ಒಣದ್ರಾಕ್ಷಿಯ ವಾಸನೆ, ಅದರ ಹಿಂದೆ ಒಂದು ಎಳೆ ಹುಳಿ. ಗೆಳೆಯನೊಬ್ಬ ಒಂದು ಗುಟುಕು ಕುಡಿದು, "ಬೇರೆ ಥರ ಇದೆ" ಅಂದ. ಸಭ್ಯ ಮನುಷ್ಯ. ನನ್ನ ಹೆಂಡತಿ ಮಾತ್ರ ಗ್ಲಾಸು ಕೆಳಗಿಟ್ಟು, "ಗೊಜ್ಜಿಗೆ ಹುಣಸೆಹಣ್ಣು ಉಳಿಯಿತು ಬಿಡಿ" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ, ಫ್ರಿಜ್ಜಿನಲ್ಲಿದ್ದ ಬಿಯರ್ ಹೊರಗೆ ಬಂತು.

ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಲಕ್ಷ್ಯದಿಂದ ಕೆಟ್ಟಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಈ ಬಾಟಲಿಯನ್ನು ನಾನು ಏಳು ವರ್ಷ ದಿನವೂ ನೋಡಿದ್ದೇನೆ. ಭಾನುವಾರಕ್ಕೊಮ್ಮೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದ್ದೇನೆ. ಬಂದವರಿಗೆಲ್ಲ ಲೇಬಲ್ ತಿರುಗಿಸಿ ತೋರಿಸಿದ್ದೇನೆ. ಅದಕ್ಕೆಂದೇ ದೀಪ ಹಾಕಿಸಿದ್ದೇನೆ.

ಕ್ರಾಕರಿ ಯೂನಿಟ್ಟಿನ ಕಥೆ

ಬೆಂಗಳೂರಿನ ಫ್ಲ್ಯಾಟು ಕೊಂಡವರಿಗೆಲ್ಲ ಇಂಟೀರಿಯರ್‌ನವರು ಬರುವ ದಿನ ಗೊತ್ತು. ನಮಗೂ ಒಬ್ಬರು ಬಂದರು, ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದರು. ಊಟದ ಮೇಜಿನ ಪಕ್ಕದ ಗೋಡೆಗೆ ಕ್ರಾಕರಿ ಯೂನಿಟ್, ಮೇಲಿನ ಅರ್ಧಕ್ಕೆ ಗಾಜಿನ ಬಾಗಿಲು, ಒಳಗೆ ಹಳದಿ ಎಲ್‌ಇಡಿ ಪಟ್ಟಿ, ಪಕ್ಕದಲ್ಲಿ ಬಾಟಲಿ ನಿಲ್ಲಿಸಲು ಮೂರು ಮೆಟ್ಟಿಲು. "ಸರ್, ಇದು ಹಾಲ್‌ಗೆ ಕಳೆ ಕೊಡುತ್ತೆ" ಎಂದರು. ಕೊಟ್ಟಿತು ಕೂಡ. ಎದುರಿಗೆ ಬಾಲ್ಕನಿ, ಬಾಲ್ಕನಿ ಪಡುವಣಕ್ಕೆ, ಸಂಜೆ ನಾಲ್ಕರಿಂದ ಐದೂವರೆವರೆಗೆ ಬಿಸಿಲು ನೇರವಾಗಿ ಬಂದು ಬಾಟಲಿಗಳ ಹೊಟ್ಟೆಗೆ ಬೀಳುತ್ತಿತ್ತು. ಹಸಿರು ಗಾಜು ಆ ಹೊತ್ತಿಗೆ ಎಷ್ಟು ಚೆಂದ ಹೊಳೆಯುತ್ತಿತ್ತೆಂದರೆ ಅದರ ಫೋಟೊ ನನ್ನ ಫೋನಿನಲ್ಲಿ ನಲವತ್ತಾದರೂ ಇದ್ದಾವು. ಕೆಳಗಿನ ಖಾನೆಯಲ್ಲಿ ಸೆಟ್‌ಟಾಪ್ ಬಾಕ್ಸು, ವೈಫೈ ಡಬ್ಬಿ. ಅವುಗಳ ಬಿಸಿಯೂ ಮೇಲಕ್ಕೇ.

ನನ್ನ ಸಂಗ್ರಹ ಎಂದರೆ ಹನ್ನೊಂದು ಬಾಟಲಿ. ಸಂಗ್ರಹ ಎಂಬ ದೊಡ್ಡ ಮಾತಿಗೆ ನಗಬೇಡಿ. ಮನೆಯಲ್ಲಿ ಎಷ್ಟು ಲೀಟರ್ ಇಟ್ಟುಕೊಳ್ಳಬಹುದು ಎಂಬುದಕ್ಕೆ ನಮ್ಮ ಅಬಕಾರಿ ಕಾನೂನಿನಲ್ಲಿ ಮಿತಿಯೇ ಇರುವಾಗ ಫ್ರಾನ್ಸಿನವರ ಹಾಗೆ ನೆಲಮಾಳಿಗೆ ತುಂಬಿಸುವ ಮಾತೇ ಇಲ್ಲ. ಅವುಗಳಲ್ಲಿ ನಾಲ್ಕು ನಂದಿ ಕಡೆಯವು, ಎರಡು ಹಂಪಿ ಸೀಮೆಯ ತೋಟದವು, ಮೂರು ನಾಸಿಕದವು. ಉಳಿದೆರಡನ್ನು ಹೊರದೇಶದಲ್ಲಿರುವ ಚಿಕ್ಕಪ್ಪನ ಮಗ, ಸುಂಕವಿಲ್ಲದೆ ತರಲು ಬಿಡುವ 2 ಲೀಟರಿನ ಲೆಕ್ಕದಲ್ಲಿ, ಬನಿಯನ್ನಿನಲ್ಲಿ ಸುತ್ತಿ ತಂದುಕೊಟ್ಟದ್ದು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಮೇಲೆ, ಆಮೇಲಾಮೇಲೆ ವೈನ್ ಮೇಳಗಳು ಶುರುವಾದ ಮೇಲೆ, ನಮ್ಮಂಥವರು ಇದನ್ನು ಹೆದರದೆ ಕೊಂಡು ತರಲು ಕಲಿತೆವು. ಅದಕ್ಕೆ ಮುಂಚೆ ವೈನ್ ಅಂದರೆ ನಮಗೆ ಅಂಗಡಿಯ ಬೋರ್ಡು ಅಷ್ಟೇ. ಊರೂರಲ್ಲೂ ದೇವರ ಹೆಸರಿನ ಮುಂದೆ "ವೈನ್ಸ್" ಎಂದು ಬರೆದಿರುತ್ತದೆ, ಒಳಗೆ ಹೋಗಿ ವೈನ್ ಕೇಳಿದರೆ ಗಲ್ಲಾಪೆಟ್ಟಿಗೆಯ ಮುಂದಿದ್ದವನು ಒಂದು ಕ್ಷಣ ನಮ್ಮ ಮುಖ ನೋಡಿ, ಸ್ಟೂಲು ಹತ್ತಿ, ಟ್ಯೂಬ್‌ಲೈಟಿನ ಪಕ್ಕದ ಮೇಲಿನ ಸಾಲಿನಿಂದ ಧೂಳು ಹಿಡಿದ ಒಂದನ್ನು ಇಳಿಸುತ್ತಾನೆ. ಅಲ್ಲೂ ಅದು ನಿಂತೇ ಇರುತ್ತದೆ, ಬೆಳಕಿನಲ್ಲೇ ಇರುತ್ತದೆ. ವಿಸ್ಕಿಗೆ ಆ ಜಾಗ ನಡೆಯುತ್ತದೆ. ವಿಸ್ಕಿ ಗಟ್ಟಿ ಜೀವ, ನಿಲ್ಲಿಸಿದರೂ ಸರಿ, ಹತ್ತು ವರ್ಷ ಬಿಟ್ಟರೂ ಸರಿ. ವೈನು ಹಾಗಲ್ಲ ಎಂಬುದು ಅಂಗಡಿಯವನಿಗೂ ಬೇಕಿಲ್ಲ, ನನಗೂ ಗೊತ್ತಿರಲಿಲ್ಲ.

ಊರಿಂದ ಯಾರಾದರೂ ಬರುತ್ತಾರೆಂದರೆ ನಮ್ಮ ಅವ್ವನ ಕೆಲಸ ಇನ್ನೊಂದು. ನಮ್ಮದು ವಿಜಯಪುರ ಜಿಲ್ಲೆ. ಮನೆತನದಲ್ಲಿ ಕುಡಿಯುವವರಿಲ್ಲ, ಇದ್ದರೂ ಇಲ್ಲ. ಬಾಗಿಲ ಗಂಟೆ ಬಾರಿಸಿದ ಕೂಡಲೇ ಅವ್ವ ಗಾಜಿನ ಬಾಗಿಲಿನ ಮೇಲೆ ಒಂದು ಕಸೂತಿ ಬಟ್ಟೆ ಇಳಿಬಿಟ್ಟು, ಅದರ ಮುಂದೆ ಬಸವಣ್ಣನ ಫೋಟೊ ನಿಲ್ಲಿಸುತ್ತಿದ್ದಳು. ಯೋಚಿಸಿ ನೋಡಿದರೆ ಆ ಏಳು ವರ್ಷಗಳಲ್ಲಿ ವೈನಿಗೆ ಸರಿಯಾದ ಆರೈಕೆ ಸಿಕ್ಕದ್ದು ನೆಂಟರು ಬಂದ ಆ ದಿನಗಳಲ್ಲಿ ಮಾತ್ರ.

ಮಾಮಾ ಹೇಳಿದ್ದು

2022ರ ಮಾರ್ಚಿನಲ್ಲಿ ಕಣ್ಣಿನ ಪರೀಕ್ಷೆಗೆಂದು ಸೋದರಮಾವ ಬಂದಿದ್ದ. ತಿಕೋಟಾ ಕಡೆ ನಾಲ್ಕು ಎಕರೆ ದ್ರಾಕ್ಷಿ ಇದೆ ಅವನಿಗೆ, ಎಲ್ಲವೂ ಥಾಮ್ಸನ್ ಸೀಡ್‌ಲೆಸ್, ಎಲ್ಲವೂ ಮನೂಕಾ ಆಗುವಂಥದ್ದು. ನಿಮ್ಮ ಕಡೆ ಒಣದ್ರಾಕ್ಷಿ ಅನ್ನುತ್ತೀರಿ. ಅವತ್ತು ಅವ್ವ ದೇವಸ್ಥಾನಕ್ಕೆ ಹೋಗಿದ್ದಳು, ಬಟ್ಟೆ ಇಳಿಬಿಡುವವರು ಯಾರೂ ಇರಲಿಲ್ಲ. ಮಾಮಾ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ನೇರ ಹೋಗಿ ಶೋಕೇಸಿನ ಮುಂದೆ ನಿಂತ. ನಾಲ್ಕೂವರೆ ಗಂಟೆ. ಬಿಸಿಲು ಬಂದಿತ್ತು. ಬೈಗುಳ ಬರುತ್ತದೆಂದು ನಾನು ಹೆಗಲು ಕುಗ್ಗಿಸಿಕೊಂಡು ನಿಂತೆ.

"ದ್ರಾಕ್ಷಿದ?"

"ಹೌದ್ರಿ ಮಾಮಾ."

"ಎಷ್ಟ ವರ್ಷ ಆತು ಹಿಂಗ ಬಿಸಲಿಗೆ ನಿಂದ್ರಿಸಿ?"

ಆ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಐದು ವರ್ಷ ಅಂದೆ. ಮಾಮಾ ಗಾಜಿನ ಬಾಗಿಲು ತೆರೆದು ಒಂದು ಬಾಟಲಿಯ ಮೇಲೆ ಅಂಗೈ ಇಟ್ಟ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. "ಕಾದೈತಲ್ಲೋ ತಮ್ಮಾ. ನಾವು ಮನೂಕಾ ಸೈತ ಬಿಸಲಾಗ ಒಣಗ್ಸೂದಿಲ್ಲ. ಶೆಡ್ಡಿನ್ಯಾಗ ನೆರಳಿಗೆ ಹಾಕ್ತೀವಿ, ಸುತ್ತ ನೆಟ್ಟು ಕಟ್ತೀವಿ. ಬಿಸಲು ಬಡೀತಂದ್ರ ಕೆಂಪಾಗ್ತಾವ, ರೇಟು ಬೀಳ್ತದ. ಅದೂ ದ್ರಾಕ್ಷಿನ, ಇದೂ ದ್ರಾಕ್ಷಿನ. ಇದಕ್ಕೊಂದು ನ್ಯಾಯ, ಅದಕ್ಕೊಂದು ನ್ಯಾಯ ಇರ್ತದೇನು?"

ನಾನು ನಕ್ಕೆ. ವೈನಿನ ಬಗ್ಗೆ ನಾನು ಓದಿದವನು, ಅವನು ಒಂದು ಹನಿ ಮುಟ್ಟದವನು. ಅವನ ಶೆಡ್ಡನ್ನು ನಾನು ಎಷ್ಟೋ ಸಲ ನೋಡಿದ್ದೆ, ಆದರೂ ಎರಡನ್ನೂ ಸೇರಿಸಿ ಯೋಚಿಸಿರಲಿಲ್ಲ. ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೊನೇಟು ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದಿ ತೆಗೆಯುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲವಾಗಿ ನೀರಿನಂಶ ಬೇಗ ಹೋಗಲಿ ಎಂದು. ಆಮೇಲೆ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಗಳ ಮೇಲೆ ಹರಡಿ, ಎರಡು ವಾರದ ಆಚೀಚೆ ಗಾಳಿಗೆ ಬಿಡುತ್ತಾರೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮನೂಕಾ. ಅಷ್ಟು ದಿನ ಕಾಯುವುದೆಲ್ಲ ಆ ಹಸಿರು ಬಣ್ಣಕ್ಕಾಗಿ, ಯಾಕೆಂದರೆ ಮಹಾರಾಷ್ಟ್ರದ ತಾಸಗಾವದ ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ವ್ಯಾಪಾರಿ ಮೊದಲು ನೋಡುವುದು ಬಣ್ಣ. ಒಣಗಿದ ಮೇಲೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ರಟ್ಟಿನ ಡಬ್ಬಿಗೆ ತುಂಬಿ ಕೋಲ್ಡ್ ಸ್ಟೋರೇಜಿಗೆ. ನೆರಳು, ತಂಪು, ಕತ್ತಲೆ. ಇಷ್ಟನ್ನೂ ಗೊತ್ತಿದ್ದ ಮನುಷ್ಯ ಬಾಟಲಿಯ ಹಣೆ ಮುಟ್ಟಿ ಜ್ವರ ಇದೆ ಎಂದಾಗ ನಾನು, "ಇದರ ಪದ್ಧತಿ ಬೇರೆ ಮಾಮಾ" ಎಂದು ಹೇಳಿ ಬಾಗಿಲು ಹಾಕಿದೆ. ಎರಡು ವರ್ಷದ ಮೇಲೆ, ಗ್ಲಾಸಿನಿಂದ ಬೆಂದ ಮನೂಕಾದ ವಾಸನೆ ಎದ್ದಾಗ ಮೊದಲು ನೆನಪಾದದ್ದು ಆ ಅಂಗೈ.

ಬಾಟಲಿಯ ಉಸಿರಾಟ

ಕೆಟ್ಟ ಮೇಲೆ ಓದಿದೆ. ಕೆಡುವ ಮೊದಲೇ ಓದಬಹುದಿತ್ತು, ಆದರೆ ಆಗ ನಾನು ಓದುತ್ತಿದ್ದದ್ದು ಯಾವ ವೈನಿಗೆ ಯಾವ ಊಟ ಎಂಬುದನ್ನು. ಸಂಗತಿ ಸರಳವಾಗಿದೆ. ವೈನಿಗೆ 12ರಿಂದ 14 ಡಿಗ್ರಿ ಹಿತ, ಅದಕ್ಕಿಂತ ಮುಖ್ಯವಾಗಿ ಒಂದೇ ಸಮನಾದ ಡಿಗ್ರಿ ಹಿತ. ಬಿಸಿಯಾದಾಗ ಅದು ಹಿಗ್ಗಿ ಬಿರಡೆಯನ್ನು ಮೇಲಕ್ಕೆ ಒತ್ತುತ್ತದೆ, ರಾತ್ರಿ ತಣ್ಣಗಾದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ಬಾಟಲಿ ದಿನಕ್ಕೊಂದು ಉಸಿರು ಆಡುತ್ತದೆ. ಏಳು ವರ್ಷಕ್ಕೆ ಎರಡೂವರೆ ಸಾವಿರ ಉಸಿರು. ಕೊನೆಯ ಕೆಲವು ಉಸಿರುಗಳಂತೂ 2024ರ ಏಪ್ರಿಲ್‌ನವು. ಆ ತಿಂಗಳ 28ಕ್ಕೆ ಬೆಂಗಳೂರಲ್ಲಿ 38.5 ಡಿಗ್ರಿ ದಾಖಲಾಗಿತ್ತು, ಟ್ಯಾಂಕರಿಗಾಗಿ ಅಪಾರ್ಟ್‌ಮೆಂಟಿನವರೆಲ್ಲ ಜಗಳವಾಡುತ್ತಿದ್ದ ಬೇಸಿಗೆ ಅದು. ಜೊತೆಗೆ ಬಾಟಲಿಯನ್ನು ನಿಲ್ಲಿಸಿ ಇಟ್ಟಿದ್ದೆ. ಮಲಗಿಸಿದರೆ ವೈನು ಬಿರಡೆಗೆ ತಾಗಿ ಅದನ್ನು ಹಸಿಯಾಗಿ ಇಡುತ್ತದೆ. ನಿಲ್ಲಿಸಿದರೆ ಬಿರಡೆ ಮರದ ತೊಗಟೆ, ತನ್ನ ಸ್ವಭಾವದಂತೆ ಒಣಗುತ್ತದೆ. ತಿರುಗುಮುಚ್ಚಳದ ಬಾಟಲಿಗೆ ಈ ರಗಳೆಯಿಲ್ಲ. ಅದನ್ನು ಕೀಳು ಎಂದು ನೋಡುವವರಿದ್ದಾರೆ, ನಾನೂ ನೋಡುತ್ತಿದ್ದೆ. ನಮ್ಮ ಹವೆಯಲ್ಲಿ ಅದೇ ವಾಸಿ ಎಂದು ಈಗ ಅನ್ನಿಸುತ್ತದೆ.

ಬೆಳಕಿನ ಕಥೆ ಬೇರೆಯೇ. ವೈನಿನಲ್ಲಿ ಸಹಜವಾಗಿ ಇರುವ ರೈಬೋಫ್ಲೇವಿನ್, ಅಂದರೆ ಬಿ-2 ವಿಟಮಿನ್ನು, ಬೆಳಕು ಹೀರಿಕೊಂಡು ಗಂಧಕವಿರುವ ಅಮೈನೊ ಆಮ್ಲವನ್ನು ಒಡೆಯುತ್ತದೆ, ಅದರಿಂದ ಬೇಯಿಸಿದ ಎಲೆಕೋಸಿನ ವಾಸನೆ ಹುಟ್ಟುತ್ತದೆ. ಬಿಳಿ ವೈನು, ಶಾಂಪೇನಿನಂಥ ಬುರುಗು ವೈನುಗಳಿಗೆ ಇದರ ಪೆಟ್ಟು ಹೆಚ್ಚು, ಅದರಲ್ಲೂ ಬಣ್ಣವಿಲ್ಲದ ಗಾಜಿನಲ್ಲಿದ್ದರೆ. ಕ್ರಿಸ್ಟಲ್ ಎಂಬ ಹೆಸರಾಂತ ಶಾಂಪೇನ್ 1876ರಲ್ಲಿ ರಷ್ಯದ ದೊರೆ ಎರಡನೇ ಅಲೆಕ್ಸಾಂಡರನಿಗಾಗಿ ತಯಾರಾದದ್ದು. ಅದರ ಬಾಟಲಿ ಪಾರದರ್ಶಕ, ಅದಕ್ಕೇ ಇವತ್ತಿಗೂ ಅದನ್ನು ಹಳದಿ ಹಾಳೆಯಲ್ಲಿ ಸುತ್ತಿಯೇ ಮಾರುತ್ತಾರೆ. ನಮ್ಮ ಮನೆಯ ಎಲ್‌ಇಡಿಯಲ್ಲಿ ನೇರಳಾತೀತ ಕಿರಣ ಕಮ್ಮಿ ಎಂದು ಇಂಟೀರಿಯರ್‌ನವರು ಹೇಳಿದ್ದು ಸುಳ್ಳಲ್ಲ. ಆದರೆ ರೈಬೋಫ್ಲೇವಿನ್ನಿಗೆ ನೀಲಿ ಬೆಳಕೂ ಸಾಕಂತೆ. ಹೋಗಲಿ, ಅವರಿಗೇನು ಗೊತ್ತು, ಅವರು ಮಾರಿದ್ದು ಕಳೆಯನ್ನು.

ಒಂದು ಕ್ಷಣ ಮಡೇರಾ ನೆನೆದು ಸಮಾಧಾನ ಮಾಡಿಕೊಂಡೆ. ಅಟ್ಲಾಂಟಿಕ್‌ನ ಆ ಪೋರ್ಚುಗೀಸ್ ದ್ವೀಪದ ವೈನು ಹಡಗಿನ ಹೊಟ್ಟೆಯಲ್ಲಿ ಉಷ್ಣವಲಯ ದಾಟುತ್ತ ಕಾದು ಕಾದು ರುಚಿಯಾಗುತ್ತಿತ್ತು; ಹಿಂದೂಸ್ತಾನದ ಬ್ರಿಟಿಷರೂ ಅದನ್ನು ತರಿಸಿಕೊಂಡು ಕುಡಿಯುತ್ತಿದ್ದರು. ಹೋಗಿ ಬಂದ ಪೀಪಾಯಿಗೆ ಬೆಲೆ ಹೆಚ್ಚು. ಆದರೆ ಅದಕ್ಕೆ ಬ್ರಾಂಡಿ ಬೆರೆಸಿ ಗಟ್ಟಿಮಾಡಿರುತ್ತಾರೆ. ನನ್ನ ನಂದಿ ಬೆಟ್ಟದ ಬಾಟಲಿ ಆ ಪ್ರಯಾಣಕ್ಕೆ ಹುಟ್ಟಿದ್ದಲ್ಲ.

ಒಂದು ಲಕ್ಷ ಐದು ಸಾವಿರ ಪೌಂಡಿನ ದೀಪ

ನನಗಿಂತ ದೊಡ್ಡವರೂ ಇದೇ ಹಳ್ಳಕ್ಕೆ ಬಿದ್ದಿದ್ದಾರೆ ಎಂದು ತಿಳಿದಾಗ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. 1985ರ ಡಿಸೆಂಬರ್ 5ರಂದು ಲಂಡನ್ನಿನ ಕ್ರಿಸ್ಟೀಸ್ ಹರಾಜು ಮನೆಯಲ್ಲಿ, ಫ್ರಾನ್ಸಿನ ಲಾಫೀಟ್ ತೋಟದ 1787ರ ವೈನು ಎನ್ನಲಾದ ಒಂದು ಬಾಟಲಿ ಹರಾಜಾಯಿತು. ಗಾಜಿನ ಮೇಲೆ ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ನನ ಹೆಸರಿನ ಮೊದಲಕ್ಷರಗಳು ಕೊರೆದಿದ್ದವು. ಅಮೆರಿಕದ ಫೋರ್ಬ್ಸ್ ಕುಟುಂಬ 1,05,000 ಪೌಂಡು ಕೊಟ್ಟು ಕೊಂಡಿತು, ಒಂದು ಬಾಟಲಿಗೆ ಅಲ್ಲಿಯವರೆಗೆ ಯಾರೂ ಕೊಟ್ಟಿರದ ಬೆಲೆ. ಕೊಂಡವರು ಕುಡಿಯಲು ಕೊಂಡಿರಲಿಲ್ಲ. ನ್ಯೂಯಾರ್ಕಿನ ತಮ್ಮ ಗ್ಯಾಲರಿಯಲ್ಲಿ, ಜೆಫರ್ಸನ್ನನಿಗೆ ಸೇರಿದ ಬೇರೆ ವಸ್ತುಗಳ ಜೊತೆ, ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ ದೀಪ ಬಿಟ್ಟರು. ಆ ದೀಪದ ಬಿಸಿಗೆ ಬಿರಡೆ ಸುಕ್ಕುಗಟ್ಟಿ ಜಾರಿ ಒಳಗೆ ಬಿತ್ತು. ಮುಗಿಯಿತು.

ಆಮೇಲೆ ಆ ಬಾಟಲಿಗಳ ಪೂರ್ವಾಪರದ ಬಗ್ಗೆಯೇ ದೊಡ್ಡ ಅನುಮಾನ ಎದ್ದಿತು. ಅದೇ ಮೂಲದಿಂದ ಬಂದ ಬೇರೆ ಬಾಟಲಿಗಳನ್ನು ಕೊಂಡಿದ್ದ ಉದ್ಯಮಿ ಬಿಲ್ ಕೋಕ್ ತಜ್ಞರಿಂದ ಪರೀಕ್ಷೆ ಮಾಡಿಸಿದಾಗ, ಆ ಅಕ್ಷರಗಳು ವಿದ್ಯುತ್ ಉಪಕರಣದಿಂದ ಕೊರೆದವು ಎಂಬ ತೀರ್ಮಾನ ಬಂತು. ಹದಿನೆಂಟನೇ ಶತಮಾನದಲ್ಲಿ ಎಲ್ಲಿಯ ವಿದ್ಯುತ್ತು! ಅಸಲಿಯೋ ನಕಲಿಯೋ, ದೀಪಕ್ಕೆ ಅದು ಬೇಕಾಗಿರಲಿಲ್ಲ. ಬಿರಡೆ ಬೀಳಬೇಕಾದ ದಿನ ಬಿತ್ತು. ಇದೇ ಗುಂಪಿಗೆ ಸೇರಿದ ಇನ್ನೊಂದು ಕಥೆ: 1989ರಲ್ಲಿ ನ್ಯೂಯಾರ್ಕಿನ ವ್ಯಾಪಾರಿ ವಿಲಿಯಂ ಸೊಕೊಲಿನ್ ತನ್ನ ಬಳಿಯಿದ್ದ ಫ್ರಾನ್ಸಿನದೇ ಮಾರ್ಗೋ ತೋಟದ 1787ರ ಬಾಟಲಿಯನ್ನು ಔತಣಕೂಟಕ್ಕೆ, ಜನರಿಗೆ ತೋರಿಸಲೆಂದೇ, ಹೊತ್ತೊಯ್ದ. ಲೋಹದ ಮೇಜಿನ ಅಂಚಿಗೆ ತಾಗಿ ಒಡೆಯಿತು. ವಿಮೆಯವರು 2,25,000 ಡಾಲರ್ ಕೊಟ್ಟರು. ನನಗೆ ಯಾವ ವಿಮೆಯೂ ಇರಲಿಲ್ಲ, ಗೊಜ್ಜಿನ ಮಾತೊಂದೇ.

ಇದಕ್ಕೆ ಎದುರಾಗಿ ಇನ್ನೊಂದು. 2010ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ, ಫಿನ್ಲೆಂಡಿಗೆ ಸೇರಿದ ಓಲಂಡ್ ದ್ವೀಪಗಳ ಹತ್ತಿರ, ಸುಮಾರು 50 ಮೀಟರ್ ಆಳದಲ್ಲಿ ಮುಳುಗಿದ್ದ ಹಡಗೊಂದರಿಂದ 168 ಶಾಂಪೇನ್ ಬಾಟಲಿಗಳು ಮೇಲೆ ಬಂದವು. ಸುಮಾರು 170 ವರ್ಷ ಅಲ್ಲಿದ್ದವು. ಕೆಲವಕ್ಕೆ ಉಪ್ಪುನೀರು ಇಳಿದಿತ್ತು, ಆದರೆ ಎಷ್ಟೋ ಬಾಟಲಿ ಕುಡಿಯುವ ಹಾಗಿದ್ದವು. ಮೂಸಿ ನೋಡಿದವರಿಗೆ ಮೊದಲು ಒದ್ದೆ ಕೂದಲಿನ, ಚೀಸಿನ ವಾಸನೆ ಬಡಿಯಿತಂತೆ. ಗ್ಲಾಸಿನಲ್ಲಿ ಕುಲುಕಿ ಗಾಳಿಯಾಡಿಸಿದ ಮೇಲೆ ಹಣ್ಣು, ಹೂವು, ಮಸಾಲೆಯ ಪರಿಮಳ ಬಂತಂತೆ. ಫ್ರಿಜ್ಜಿನಷ್ಟು ಚಳಿ, ಗವ್ವೆನ್ನುವ ಕತ್ತಲೆ, ನೋಡುವವರು ಒಬ್ಬರೂ ಇಲ್ಲ.

ಹಗೇವು

ಈ ಹಡಗಿನ ಸುದ್ದಿ ಓದುವಾಗ ನನಗೆ ನೆನಪಾದದ್ದು ಸಮುದ್ರ ಅಲ್ಲ, ಅಜ್ಜಿಯ ಮನೆ ಮುಂದಿನ ಹಗೇವು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಮೈಸೂರು ಕಡೆ ಇದಕ್ಕೆ ಹಗೆ ಎನ್ನುತ್ತಾರೆ. ನೆಲದೊಳಗೆ ಗಡಿಗೆಯ ಆಕಾರದಲ್ಲಿ ತೋಡಿದ ಕುಳಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಎಳೆದು, ಮೇಲೆ ಮಣ್ಣು ಮೆತ್ತಿಬಿಟ್ಟರೆ ಬರಗಾಲ ಬರುವವರೆಗೂ ಅದರ ಸುದ್ದಿ ಇಲ್ಲ. ಅದರ ಮೇಲೆಯೇ ನಾವು ಗೋಲಿ ಆಡುತ್ತಿದ್ದೆವು, ಎತ್ತು ಕಟ್ಟುತ್ತಿದ್ದರು.

ನಾನು ಎಂಟು ವರ್ಷದವನಿದ್ದಾಗ ಒಂದು ಹಗೇವು ತೆಗೆದದ್ದು ನೋಡಿದ್ದೇನೆ. ಬೆಳಿಗ್ಗೆಯೇ ಕಲ್ಲು ಸರಿಸಿದರು, ಆದರೆ ಯಾರೂ ಇಳಿಯಲಿಲ್ಲ. ಮುಚ್ಚಿದ ಕಾಳು ಒಳಗೇ ಉಸಿರಾಡಿ ಕೆಟ್ಟ ಗಾಳಿ ತುಂಬಿರುತ್ತದೆ. ಮಧ್ಯಾಹ್ನದ ಮೇಲೆ ಅಜ್ಜ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಎಲ್ಲರೂ ಬಗ್ಗಿ ನೋಡುತ್ತಿದ್ದೆವು. ಕಂದೀಲು ಎರಡು ಆಳು ಇಳಿಯುವಷ್ಟರಲ್ಲಿ ಪುಸ್ ಅಂತ ಆರಿತು. ಅಜ್ಜ ಏನೂ ಹೇಳದೆ ಹಗ್ಗ ಎಳೆದುಕೊಂಡು, "ನಾಳೆ" ಅಂದ. ಮರುದಿನ ಕಂದೀಲು ತಳದವರೆಗೆ ಉರಿಯುತ್ತ ಹೋಯಿತು, ಆಮೇಲೆ ಆಳು ಇಳಿದ. ಮೇಲೆ ಬಂದ ಜೋಳಕ್ಕೆ ಒಂದು ಘಾಟು ಇತ್ತು, ರೊಟ್ಟಿ ಬಡಿದಾಗಲೂ ಹೋಗುವುದಿಲ್ಲ ಅದು. ನಮಗೆ ಮಕ್ಕಳಿಗೆ ಸೇರುತ್ತಿರಲಿಲ್ಲ, ಅಜ್ಜಿ ಮಾತ್ರ ಆ ರೊಟ್ಟಿಯನ್ನೇ ಇಷ್ಟಪಟ್ಟು ತಿನ್ನುತ್ತಿದ್ದಳು. (ಯುರೋಪಿನ ವೈನ್ ನೆಲಮಾಳಿಗೆಗಳಲ್ಲಿ ರಸ ಹುದುಗು ಬರುವಾಗಲೂ ಇದೇ ಅಪಾಯ. ಅಲ್ಲಿ ಹಳೆಯ ಕಾಲದವರು ಮೇಣದಬತ್ತಿ ಹಿಡಿದು ಇಳಿಯುತ್ತಿದ್ದರು. ಅಜ್ಜನಿಗೆ ಇದನ್ನು ಹೇಳಬೇಕಿತ್ತು.)

ಹೆಣ್ಣು ಕೊಡುವವರು ಬಂದರೆ ಹಗೇವು ಎಷ್ಟು ಎಂದು ಕೇಳುತ್ತಿದ್ದರಂತೆ. ಕೇಳುತ್ತಿದ್ದರು, ತೆಗೆದು ತೋರಿಸಿ ಎನ್ನುತ್ತಿರಲಿಲ್ಲ. ತೆಗೆದರೆ ಕೆಡುತ್ತದೆಂದು ಇಬ್ಬರಿಗೂ ಗೊತ್ತು. ಆ ಮನೆಯಲ್ಲಿ ಶೋಕೇಸು ಎಂಬುದೇ ಇರಲಿಲ್ಲ. ಉಪ್ಪಿನಕಾಯಿ ಭರಣಿ ಒಳಕೋಣೆಯ ಮೂಲೆಯಲ್ಲಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು. ತುಪ್ಪದ ಗಡಿಗೆ ನೆಲುವಿನ ಮೇಲೆ. ಬಂಗಾರ ಇನ್ನೂ ಒಳಗೆ. ಪಡಸಾಲೆಯಲ್ಲಿ ಕಾಣುವ ಹಾಗೆ ಇದ್ದದ್ದು ನೀರಿನ ತಾಮ್ರದ ಹಂಡೆ, ಬಂದವರಿಗೆ ಹಾಸುವ ಕಂಬಳಿ, ಅಷ್ಟೇ. ಎರಡು ತಲೆಮಾರಿನಲ್ಲಿ ನಾನು ಅದನ್ನು ಪೂರ್ತಿ ತಿರುಗಾಮುರುಗಾ ಮಾಡಿದ್ದೆ. ಮೆಚ್ಚಿಸಬೇಕಾದವರ ಕಣ್ಣಿಗೆ ಬೀಳಬೇಕು, ನೆಂಟರ ಕಣ್ಣಿಗೆ ಬೀಳಬಾರದು. ಹೀಗೆ ಒಂದೇ ಗಾಜಿನ ಬಾಗಿಲಿಗೆ ಎರಡು ಕೆಲಸ ಹಚ್ಚಿದ್ದೆ. ಒಳಗಿನ ವೈನಿಗೆ ಏನು ಬೇಕು ಎಂಬುದು ಆ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ.

ಮಂಚದ ಕೆಳಗೆ

ಉಳಿದ ಹತ್ತು ಬಾಟಲಿಗೆ ಏನು ಮಾಡುವುದು ಎಂದು ಯೋಚನೆ ಬಂತು. ಮೊದಲು ಕಣ್ಣು ಹೋದದ್ದು ವೈನ್ ಕೂಲರಿನ ಮೇಲೆ. ಗಾಜಿನ ಬಾಗಿಲು, ಒಳಗೆ ಮಂದ ಬೆಳಕು, ಮಲಗಿಸಲು ಮರದ ತಟ್ಟೆಗಳು. ತೋರಿಸುವುದೂ ಆಯಿತು, ಇಡುವುದೂ ಆಯಿತು. ಇದರಲ್ಲಿ ಎರಡು ಜಾತಿ. ಒಂದು ಫ್ರಿಜ್ಜಿನ ಹಾಗೆ ಕಂಪ್ರೆಸರ್ ಇರುವಂಥದ್ದು, ಸ್ವಲ್ಪ ಗುರ್ ಅನ್ನುತ್ತದೆ. ಇನ್ನೊಂದು ಥರ್ಮೋಎಲೆಕ್ಟ್ರಿಕ್, ಸದ್ದಿಲ್ಲ, ಅಲುಗಾಟವಿಲ್ಲ, ಆದರೆ ಹೊರಗಿನ ಬಿಸಿಗಿಂತ ಇಂತಿಷ್ಟೇ ಡಿಗ್ರಿ ಕೆಳಗೆ ಇಳಿಸಬಲ್ಲದು. ಹೊರಗೆ 35 ಇದ್ದರೆ ಅದು ಏದುಸಿರು ಬಿಡುತ್ತದೆ. ಲೆಕ್ಕ ಹಾಕಿದೆ. ಹತ್ತೂ ಬಾಟಲಿಯ ಬೆಲೆಗಿಂತ ಕೂಲರಿನ ಬೆಲೆ ಹೆಚ್ಚಾಯಿತು. ಎತ್ತಿಗಿಂತ ಗೋದಲಿಗೆ ಖರ್ಚು ಮಾಡಿದ ಹಾಗೆ. ಮನೆಯ ಫ್ರಿಜ್ಜೂ ಆಗದು: ನಾಲ್ಕಾರು ವಾರಕ್ಕೆ ಪರವಾಗಿಲ್ಲ, ವರ್ಷಗಟ್ಟಲೆ ಇಟ್ಟರೆ ಅಲ್ಲಿಯ ಒಣ ಹವೆಗೆ ಬಿರಡೆ ಸೊರಗುತ್ತದೆ, ಜೊತೆಗೆ ನಮ್ಮ ಫ್ರಿಜ್ಜಿನಲ್ಲಿ ದೋಸೆ ಹಿಟ್ಟು ಮತ್ತು ಬೆಳ್ಳುಳ್ಳಿ ಖಾರದ ರಾಜ್ಯ.

ಮುನ್ನೂರು ರೂಪಾಯಿಯ ಒಂದು ಡಿಜಿಟಲ್ ಉಷ್ಣಮಾಪಕ ತಂದು, ಅದರ ಮುಂದಿನ ವರ್ಷದ ಏಪ್ರಿಲ್ ಪೂರ್ತಿ ಮನೆಯೆಲ್ಲ ಓಡಾಡಿಸಿದೆ. ಶೋಕೇಸಿನಲ್ಲಿ ಸಂಜೆ ಐದಕ್ಕೆ 34, ಬೆಳಗಿನ ಜಾವಕ್ಕೆ 26. ಅಡುಗೆಮನೆಯ ಲಾಫ್ಟ್ ಇನ್ನೂ ಕಡೆ, 35. ಎಲ್ಲರೂ ಬೇಡದ್ದನ್ನು ಲಾಫ್ಟಿಗೆ ಎತ್ತಿಡುತ್ತಾರೆ, ಬಿಸಿಗಾಳಿಯೂ ಅಲ್ಲಿಗೇ ಹೋಗುತ್ತದೆ. ಮೂಡಣದ ಮಲಗುವ ಕೋಣೆಯಲ್ಲಿ, ಮಂಚದ ಕೆಳಗಿನ ಹೊರಗೋಡೆಗೆ ತಾಗದ ಮೂಲೆಯಲ್ಲಿ 28, ಹಗಲಿಗೂ ರಾತ್ರಿಗೂ ಒಂದೂವರೆ ಡಿಗ್ರಿ ವ್ಯತ್ಯಾಸ. 14 ಎಲ್ಲಿ, 28 ಎಲ್ಲಿ! ಆದರೂ ಇದ್ದದ್ದರಲ್ಲಿ ಅದೇ ಹಗೇವು. ಥರ್ಮೊಕೋಲ್ ಡಬ್ಬಿಯೊಂದರಲ್ಲಿ ಹಳೆ ಕೌದಿ ಸುತ್ತಿ ಬಾಟಲಿಗಳನ್ನು ಮಲಗಿಸಿದೆ. ಪ್ರತಿ ಕೊರಳಿಗೂ ದಾರ ಕಟ್ಟಿ ಚೀಟಿ: ಯಾವ ವರ್ಷದ್ದು, ಎಲ್ಲಿಂದ ತಂದದ್ದು, ಯಾವಾಗಿನೊಳಗೆ ಕುಡಿಯಬೇಕು. ಈ ಮೂರನೆಯದು ಮುಖ್ಯ. ಅಂಗಡಿಗೆ ಬರುವ ವೈನಿನಲ್ಲಿ ಬಹುಪಾಲು ಒಂದೆರಡು ವರ್ಷದಲ್ಲಿ ಕುಡಿಯಲೆಂದೇ ಮಾಡಿದ್ದು. ಹತ್ತಿಪ್ಪತ್ತು ವರ್ಷ ಬೆಳೆಯುವ ತಾಕತ್ತು ಇರುವವು ಕೆಲವೇ ಕೆಲವು, ಅವನ್ನು ಸಾಕಲು 14 ಡಿಗ್ರಿಯ ಮನೆ ಬೇಕು. ನಮ್ಮ ಮನೆಗೆ ಅದು ಇಲ್ಲ ಎಂದು ಒಪ್ಪಿಕೊಂಡ ದಿನ ಎಂಥದೋ ಹಗುರವಾಯಿತು. ಚೀಟಿಯಲ್ಲಿ ಬರೆದ ತಾರೀಖುಗಳನ್ನು ನೋಡಿದರೆ ಮೂರು ಆಗಲೇ ದಾಟಿದ್ದವು.

ಹಾಗಾಗಿ ಕುಡಿಯಲು ಶುರುಮಾಡಿದೆವು. ತಿಂಗಳಿಗೊಂದು, ಯಾವ ವಾರ್ಷಿಕೋತ್ಸವವೂ ಇಲ್ಲದ ಶನಿವಾರ, ರೊಟ್ಟಿ ಎಣಗಾಯಿ ಜೊತೆ. ಎರಡು ಪೂರ್ತಿ ಕೆಟ್ಟಿದ್ದವು, ಅದರಲ್ಲೊಂದು ಚಿಕ್ಕಪ್ಪನ ಮಗ ಬನಿಯನ್ನಿನಲ್ಲಿ ಸುತ್ತಿ ತಂದದ್ದು; ಅವನಿಗೆ ಚೆನ್ನಾಗಿತ್ತು ಎಂದೇ ಹೇಳಿದ್ದೇವೆ. ತಿರುಗುಮುಚ್ಚಳದ ನಾಸಿಕದ್ದೊಂದು ನಾಲ್ಕು ವರ್ಷ ಶೋಕೇಸಿನಲ್ಲಿ ನಿಂತಿದ್ದರೂ ಹೇಗೋ ಬದುಕಿತ್ತು. ಹಂಪಿ ಕಡೆಯ ಒಂದು ಮಾತ್ರ, ಕೊನೆಗೆ ಕೊಂಡದ್ದು, ಶೋಕೇಸಿನ ಕೆಳಗಿನ ಮೆಟ್ಟಿಲಿನಲ್ಲಿ ಬೇರೆ ಬಾಟಲಿಗಳ ನೆರಳಿಗೆ ಇದ್ದದ್ದು, ತೆಗೆದ ಕೂಡಲೇ ಕೋಣೆಯೆಲ್ಲ ನೇರಳೆಹಣ್ಣು ಜಜ್ಜಿದ ಹಾಗೆ ಆಯಿತು. ಹೆಂಡತಿ ಎರಡನೇ ಗ್ಲಾಸು ಕೇಳಿದಳು. ಆ ಬಾಟಲಿಯ ಫೋಟೊ ತೆಗೆಯುವುದು ಇಬ್ಬರಿಗೂ ಮರೆತುಹೋಯಿತು.

ಶೋಕೇಸು ಖಾಲಿ ಕಾಣುತ್ತದೆಂದು ಖಾಲಿ ಬಾಟಲಿಗಳನ್ನೇ ತೊಳೆದು ಅಲ್ಲಿ ನಿಲ್ಲಿಸಿದ್ದೆವು, ಒಂದರಲ್ಲಿ ಮನಿಪ್ಲಾಂಟು ಹಾಕಿದ್ದೆವು. ಈ ಸಲ ಅವ್ವ ಊರಿಂದ ಬಂದವಳು ಕಸೂತಿ ಬಟ್ಟೆ ಹುಡುಕಲಿಲ್ಲ. ಗಾಜಿನ ಬಾಗಿಲು ತೆಗೆದು ಬಾಟಲಿಗಳನ್ನು ಒಂದೊಂದೇ ಎತ್ತಿ, ಬೆರಳಿಂದ ಬಡಿದು ನೋಡಿದಳು. "ಇಷ್ಟ ದಪ್ಪ ಗಾಜು. ಸುಮ್ನ ನಿಂದ್ರಿಸೀರಲ್ಲ?" ಅಂದಳು. ಏಳು ವರ್ಷದ ಆ ಮೊದಲ ಬಾಟಲಿಯನ್ನು ಆರಿಸಿಕೊಂಡು, ಬಿಸಿನೀರು ಸೀಗೆಪುಡಿ ಹಾಕಿ ಎರಡು ಸಲ ಕುಲುಕಿ, ಒಂದು ದಿನ ತಲೆಕೆಳಗೆ ಮಾಡಿ ಒಣಗಿಸಿದಳು. ಮಾಮಾ ಕೊಟ್ಟುಕಳಿಸಿದ್ದ ಗಾಣದ ಕುಸುಬಿ ಎಣ್ಣೆ ತುಂಬಿದಳು. ಎಲ್ಲಿಡುತ್ತಾಳೆ ಎಂದು ನೋಡುತ್ತಿದ್ದೆ. ಅಡುಗೆಮನೆ ಕಟ್ಟೆಯ ಕೆಳಗಿನ ಖಾನೆ ತೆರೆದು, ಅಕ್ಕಿ ಡಬ್ಬದ ಹಿಂದೆ ತಳ್ಳಿದಳು. "ಎಣ್ಣಿಗಿ ಬೆಳಕ ಬೀಳಬಾರ್ದು."

ಲೇಬಲ್ ಇನ್ನೂ ಹಾಗೇ ಇದೆ, ವರ್ಷ ಓದಬಹುದು. ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಾಕಿಕೊಂಡಾಗೆಲ್ಲ ಅದರಿಂದಲೇ ಎಣ್ಣೆ ಬಿಟ್ಟುಕೊಳ್ಳುತ್ತೇವೆ.